ಹೊನ್ನಾವರದ ಮಗು ಭಟ್ಕಳದ ಶಾಲೆಗೆ ಸೇರಬಹುದೇ?

ಪ್ರಶ್ನೆ: ನಮ್ಮದು ಹೊನ್ನಾವರ ತಾಲ್ಲೂಕಿನ ದಕ್ಷಿಣ ತುದಿಯ ಹಳ್ಳಿ. ಯಜಮಾನರು ಗಲ್ಫ್‌ನಲ್ಲಿದ್ದಾರೆ. ಏಪ್ರಿಲ್‌ನಲ್ಲಿ ಮಗಳಿಗೆ ಆರು ತುಂಬಿತು. ಭಟ್ಕಳ ಪೇಟೆಯ ಖಾಸಗಿ ಶಾಲೆಯೊಂದರಲ್ಲಿ ಕೇಳಿದರೆ, ‘ನೀವು ಬೇರೆ ತಾಲ್ಲೂಕಿನವರು, ಆದರೂ ಮಗುವಿನ ಸಂದರ್ಶನ ಮಾಡಿ ನೋಡೋಣ’ ಎಂದರು. ಕುಮಟಾದ ಅಕ್ಕನ ಮಗನಿಗೆ 2016ರಲ್ಲಿ ಆರ್‌ಟಿಇ ಸೀಟು ಸಿಕ್ಕಿತ್ತು. ನಮಗೆ ಯಾಕಿಲ್ಲ?

ಉತ್ತರ: ತಂಗಿ, ಮೊದಲು ಧೈರ್ಯ ತಂದುಕೊಳ್ಳಿ. ಜೂನ್ 1ಕ್ಕೆ ಆರು ತುಂಬಿರುವುದರಿಂದ ಒಂದನೇ ತರಗತಿಗೆ ವಯಸ್ಸಿನ ತೊಡಕಿಲ್ಲ. ತಾಲ್ಲೂಕು ಬೇರೆ ಎಂಬ ಕಾರಣಕ್ಕೆ ಮಗುವನ್ನು ಹೊರಗಿಡುವ ಕಾನೂನೂ ಇಲ್ಲ. ಐದನೇ ತರಗತಿವರೆಗೆ 1 ಕಿ.ಮೀ., ಎಂಟರವರೆಗೆ 3 ಕಿ.ಮೀ. ಒಳಗೆ ಶಾಲೆ ಇರಬೇಕು ಎನ್ನುವ ಲೆಕ್ಕ ಸರ್ಕಾರದ ಹೊಣೆಗೆ ಸೇರಿದ್ದು. ಮಗು ಅದನ್ನು ದಾಟಬಾರದು ಅಂತಲ್ಲ. ಸೀಟು ಕಡಿಮೆಯಿದ್ದರೆ ಖಾಸಗಿ ಶಾಲೆ ಮಕ್ಕಳನ್ನು ಆಯ್ಕೆ ಮಾಡಿಕೊಳ್ಳಬಹುದು, ಆದರೆ ಆ ಆಯ್ಕೆಯ ನಿಯಮ ಎಲ್ಲರಿಗೂ ತಿಳಿಯುವಂತಿರಬೇಕು. ಅದನ್ನು ಬರವಣಿಗೆಯಲ್ಲಿ ಕೇಳಿ.

ಸಂದರ್ಶನ ಮಾತ್ರ ಖಂಡಿತ ತಪ್ಪು. 2009ರ ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) 13ನೇ ಕಲಂ ಮಗುವನ್ನೂ ಹೆತ್ತವರನ್ನೂ ಪರೀಕ್ಷಿಸಿ ಸೇರಿಸಿಕೊಳ್ಳುವುದನ್ನು ನಿಷೇಧಿಸಿದೆ. ಮೊದಲ ತಪ್ಪಿಗೆ 25,000 ರೂಪಾಯಿವರೆಗೆ, ಆಮೇಲಿನ ಪ್ರತಿ ತಪ್ಪಿಗೆ 50,000 ರೂಪಾಯಿವರೆಗೆ ದಂಡ. ದೂರು ಕೊಡುವುದಾದರೆ ಶಾಲೆ ಇರುವ ಭಟ್ಕಳದ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಹೋಗಿ, ಹೊನ್ನಾವರಕ್ಕಲ್ಲ. ಅಲ್ಲಿ ಆಗದಿದ್ದರೆ ಕಾರವಾರದಲ್ಲಿ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿದ್ದಾರೆ. ಕುಮಟಾ, ಹೊನ್ನಾವರ, ಭಟ್ಕಳ ಮೂರೂ ಅವರ ವ್ಯಾಪ್ತಿಗೇ ಬರುತ್ತವೆ.

ಆರ್‌ಟಿಇ ಸೀಟಿನ ವಿಷಯ ಬೇರೆ. 2019-20ರಿಂದ ರಾಜ್ಯದ ನಿಯಮ ಬದಲಾಯಿತು. ನೆರೆಹೊರೆಯಲ್ಲಿ, ಅಂದರೆ ಹಳ್ಳಿಯಲ್ಲಾದರೆ ಕಂದಾಯ ಗ್ರಾಮದಲ್ಲಿ, ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಅನುದಾನರಹಿತ ಶಾಲೆ ಬಡ ಮಕ್ಕಳಿಗೆ ಶೇ 25 ಆರ್‌ಟಿಇ ಸೀಟು ಕೊಡಬೇಕಿಲ್ಲ. ಸರ್ಕಾರಿ ಶಾಲೆಯಿಲ್ಲದ ಊರು ನಮ್ಮ ಕರಾವಳಿಯಲ್ಲಿ ಅಪರೂಪ. ಹಾಗಾಗಿ ಅಕ್ಕನ ಮಗನಿಗೆ ಸಿಕ್ಕಿದ್ದು ನಿಮಗೆ ಸಿಗುತ್ತಿಲ್ಲ. ಬಡ ಮಕ್ಕಳ ಪಾಲಿಗೆ ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಇಷ್ಟು ಹೇಳಿದ ಮೇಲೂ ನಿಮ್ಮೂರಿನ ಸರ್ಕಾರಿ ಶಾಲೆಯನ್ನು ಒಮ್ಮೆ ಒಳಹೊಕ್ಕು ನೋಡಿ ಬನ್ನಿ. ಜೂನ್-ಜುಲೈ ಮಳೆಯಲ್ಲಿ ಆರರ ಮಗು ದಿನವೂ ಹೆದ್ದಾರಿಯಲ್ಲಿ ವ್ಯಾನ್ ಹತ್ತುವುದು ಸಣ್ಣ ಮಾತಲ್ಲ. ಹಳ್ಳಿಯ ಶಾಲೆಯಿಂದ ಇನ್ನೊಂದು ಲಾಭವೂ ಇದೆ. ನಮ್ಮ ಜಿಲ್ಲೆಯ ಮಕ್ಕಳಿಗಿರುವ ನವೋದಯ ವಿದ್ಯಾಲಯ ಮುಂಡಗೋಡದಲ್ಲಿದೆ. ಅಲ್ಲಿ ಕನಿಷ್ಠ ಶೇ 75 ಸೀಟು ಗ್ರಾಮೀಣ ಮಕ್ಕಳಿಗೆ. ಆದರೆ 3, 4, 5ನೇ ತರಗತಿ ಪೂರ್ತಿ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಭಟ್ಕಳ ಪೇಟೆಯ ಶಾಲೆಗೆ ಸೇರಿಸಿದರೆ ಆ ಪಾಲು ತಪ್ಪುತ್ತದೆ. ಯಜಮಾನರು ಫೋನ್ ಮಾಡಿದಾಗ ಇದನ್ನೂ ಸೇರಿಸಿ ಮಾತಾಡಿಕೊಳ್ಳಿ.