ಕೂದಲು ಉದುರುವಿಕೆಗೆ ಕರಿಜೀರಿಗೆ ಸಾಕೇ?

ಕೋಲಾರ, ಮಾಲೂರು, ಮುಳಬಾಗಿಲು ಕಡೆ ಹೆಣ್ಣುಮಕ್ಕಳ ಕೂದಲು ಉದುರತೊಡಗಿದರೆ ಮೊದಲ ಬೈಗುಳ ಬೋರ್‌ವೆಲ್ ನೀರಿಗೆ. ಆಮೇಲೆ ಕಲೋಂಜಿಯ, ಅಂದರೆ ಕರಿಜೀರಿಗೆಯ ಎಣ್ಣೆಯೋ ಕ್ಯಾಪ್ಸೂಲೋ ಮನೆಗೆ ಬರುತ್ತದೆ. ಗಡಸು ನೀರಿನಿಂದ ಕೂದಲು ಒರಟಾಗಬಹುದು, ನಡುವೆ ತುಂಡಾಗಬಹುದು. ಬುಡದಿಂದಲೇ ಉದುರುತ್ತಿದ್ದರೆ ಕಾರಣ ಹೆಚ್ಚಾಗಿ ದೇಹದೊಳಗಿರುತ್ತದೆ.

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಹೆರಿಗೆ, ಡೆಂಗಿ, ಟೈಫಾಯ್ಡ್ ಅಥವಾ ಊಟ ಬಿಟ್ಟು ತೂಕ ಇಳಿಸಿದ 2-3 ತಿಂಗಳ ನಂತರ ಹಿಡಿಹಿಡಿಯಾಗಿ ಉದುರುವುದುಂಟು. ಸಾಮಾನ್ಯವಾಗಿ 6 ತಿಂಗಳಲ್ಲಿ ಅದು ತಾನಾಗಿಯೇ ನಿಲ್ಲುತ್ತದೆ. ಆ ಹೊತ್ತಿಗೆ ಯಾವ ಬೀಜ ತಿನ್ನುತ್ತಿದ್ದೆವೋ ಹೆಸರು ಅದಕ್ಕೆ! ನಿಲ್ಲದಿದ್ದರೆ ರಕ್ತಹೀನತೆಯೋ ಥೈರಾಯ್ಡ್ ತೊಂದರೆಯೋ ಇರಬಹುದು. ವೈದ್ಯರನ್ನು ಕಂಡು ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆಯ ಬಗ್ಗೆ ಕೇಳಿ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಅದನ್ನೂ ತಿಳಿಸಿ. ಅದರಿಂದ ಥೈರಾಯ್ಡ್ ವರದಿಯೇ ತಪ್ಪಾಗಿ ಬರಬಹುದು.

ಹಾಗಾದರೆ ಕರಿಜೀರಿಗೆ ಬೇಡವೇ? ಪ್ರವಾದಿಯವರು(ಸ) ಅದನ್ನು ಹೊಗಳಿದ್ದು ಎಲ್ಲರಿಗೂ ಗೊತ್ತು. ಚಿಕಿತ್ಸೆ ಪಡೆಯಿರಿ ಎಂದದ್ದೂ ಅವರೇ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕರಿಜೀರಿಗೆ ಎಣ್ಣೆಯ ಲೋಷನ್ ಹಚ್ಚಿದವರಿಗೆ ಸ್ವಲ್ಪ ಗುಣ ಕಂಡಿತ್ತು. ಆದರೆ ಅದರಲ್ಲಿದ್ದವರು 20 ಮಂದಿ ಮಾತ್ರ, ಅವರಲ್ಲಿ ಅರ್ಧದಷ್ಟು ಮಂದಿಗಷ್ಟೇ ಆ ಲೋಷನ್. ಅದೂ ತಲೆಗೆ ಹಚ್ಚಿದ್ದು, ನುಂಗಿದ್ದಲ್ಲ. ಬೀಜ ತಿಂದರೆ ಕೂದಲು ದಟ್ಟವಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿಯಾಗದು.

ಅಡುಗೆಯಲ್ಲಿ, ನಾನ್ ಮೇಲೆ, ಉಪ್ಪಿನಕಾಯಿಯಲ್ಲಿ ಬಳಸುವಷ್ಟು ಕರಿಜೀರಿಗೆಗೆ ಭಯವಿಲ್ಲ. ಕಿರಾಣಿ ಅಂಗಡಿಯಲ್ಲೇ ಕೊಳ್ಳಿ. ಇದು ಈರುಳ್ಳಿ ಬೀಜದಂತೆಯೇ ಕಾಣುತ್ತದೆ. ನಮ್ಮದು ತರಕಾರಿ ಬೆಳೆಯುವ ಜಿಲ್ಲೆ, ಬಿತ್ತನೆ ಬೀಜ ಮನೆಯಲ್ಲೇ ಇರುತ್ತದೆ. ಬಿತ್ತನೆ ಬೀಜಕ್ಕೆ ಔಷಧಿ ಹಚ್ಚಿರುತ್ತಾರೆ, ಅದು ಅಡುಗೆಮನೆಯ ಹತ್ತಿರವೂ ಇರಬಾರದು. ಕ್ಯಾಪ್ಸೂಲ್ ಆದರೆ ಹೊರಕವಚದ ಜೆಲಾಟಿನ್ ಯಾವ ಪ್ರಾಣಿಯದು ಎಂಬ ಪ್ರಶ್ನೆಯೂ ಇದೆ. ಬಿಡಿ ಬೀಜಕ್ಕೆ ಆ ಗೊಂದಲವಿಲ್ಲ, ಬೆಲೆಯೂ ಕಡಿಮೆ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಎಚ್ಚರ. ಕರಿಜೀರಿಗೆ, ಮೆಂತ್ಯ ಎರಡೂ ಸಕ್ಕರೆ ಇಳಿಸುತ್ತವೆ. ಔಷಧಿಯ ಜೊತೆಗೆ ಇವನ್ನೂ ಚಮಚಗಟ್ಟಲೆ ತಿಂದರೆ ತಲೆಸುತ್ತಿ ಬೀಳುವ ಅಪಾಯವಿದೆ. ಗರ್ಭಿಣಿಯರು, ರಕ್ತ ತೆಳುವಾಗಿಸುವ ಮಾತ್ರೆಯಲ್ಲಿರುವವರು, ಆಪರೇಷನ್‌ಗೆ ದಿನ ಗೊತ್ತಾದವರು ವೈದ್ಯರನ್ನು ಕೇಳದೆ ಔಷಧಿಯ ಪ್ರಮಾಣದಲ್ಲಿ ಇವನ್ನು ಸೇವಿಸಬಾರದು.