ಎಕ್ಸ್-ರೇಯಲ್ಲಿ ಕಾಣುವ ಕಲ್ಲಿನ ಧೂಳು

ನಮ್ಮ ದೇವನಹಳ್ಳಿ ತಾಲ್ಲೂಕಿನ ಕೊಯಿರಾ ಕಲ್ಲಿಗೆ ಹೆಸರುವಾಸಿ. ಕ್ವಾರಿ, ಕ್ರಷರ್‌ಗಳಲ್ಲಿ ದುಡಿಯುವವರು ನಮ್ಮ ಸುತ್ತಮುತ್ತಲೇ ಇದ್ದಾರೆ. ಅವರಿಗೆ ಉಸಿರು ಕಟ್ಟಿದರೆ ನಮ್ಮ ಮನೆಯ ಉರ್ದುವಿನಲ್ಲಿ ‘ದಮಾ’ ಅನ್ನುತ್ತೇವೆ, ಪಕ್ಕದ ಮನೆಯವರು ‘ದಮ್ಮು’ ಅನ್ನುತ್ತಾರೆ. ಆದರೆ ಅದು ಸಿಲಿಕೋಸಿಸ್ ಕೂಡ ಆಗಿರಬಹುದು.

ಗ್ರಾನೈಟ್ ಕಲ್ಲಿನಲ್ಲಿ ಸಿಲಿಕಾ ಇರುತ್ತದೆ. ಕಲ್ಲು ಒಡೆದಾಗ ಏಳುವ, ಕಣ್ಣಿಗೆ ಕಾಣದಷ್ಟು ಸಣ್ಣ ಧೂಳು ಶ್ವಾಸಕೋಶದ ಆಳಕ್ಕೆ ಹೋಗಿ ಕೂರುತ್ತದೆ. ಅದರ ಸುತ್ತ ಗಾಯ ಕಲೆಗಟ್ಟಿ ಗಂಟಾಗುತ್ತದೆ. ಆ ಕಲೆ ಮತ್ತೆ ಹೋಗುವುದಿಲ್ಲ.

ಎಕ್ಸ್-ರೇಯಲ್ಲಿ ಗಾಳಿ ತುಂಬಿದ ಶ್ವಾಸಕೋಶ ಕಪ್ಪಗೆ, ಗಂಟುಗಳು ಬಿಳಿ ಚುಕ್ಕೆಗಳಾಗಿ ಕಾಣುತ್ತವೆ. ಸಿಲಿಕೋಸಿಸ್‌ನಲ್ಲಿ ಈ ದುಂಡು ಚುಕ್ಕೆಗಳು ಸಾಮಾನ್ಯವಾಗಿ ಎರಡೂ ಕಡೆ, ಮೇಲ್ಭಾಗದಲ್ಲಿ ಹೆಚ್ಚು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ವಿಧಾನದಲ್ಲಿ 1.5 ಮಿ.ಮೀ.ವರೆಗಿನ ದುಂಡು ಚುಕ್ಕೆಗೆ ‘ಪಿ’, 3 ಮಿ.ಮೀ.ವರೆಗೆ ‘ಕ್ಯೂ’, 10 ಮಿ.ಮೀ.ವರೆಗೆ ‘ಆರ್’ ಎಂದು ಗುರುತು ಹಾಕುತ್ತಾರೆ. ಅದಕ್ಕಿಂತ ದೊಡ್ಡದಾದರೆ ರೋಗ ಬಲಿತಿದೆ ಎಂದರ್ಥ. ಕಲ್ನಾರಿನ ಧೂಳಾದರೆ ಕೆಳಭಾಗದಲ್ಲಿ ಗೆರೆಗಳು ಕಾಣುತ್ತವೆ. ಹತ್ತಿಯ ಧೂಳಿನಿಂದ ಎದೆ ಬಿಗಿಯುವವರ ಎಕ್ಸ್-ರೇ ಸರಿಯಾಗಿಯೇ ಕಾಣಬಹುದು.

ಕಷ್ಟ ಇರುವುದು ಇಲ್ಲಿ. ಕ್ಷಯದ ಗುರುತೂ ಹೆಚ್ಚಾಗಿ ಮೇಲ್ಭಾಗದಲ್ಲೇ ಕಾಣುತ್ತದೆ. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಅಪಾಯವೂ ಹೆಚ್ಚು. ಹಾಗಾಗಿ ಕಫ ಪರೀಕ್ಷೆ ಬೇಕು. ಜೊತೆಗೆ ಒಂದು ಪ್ರಶ್ನೆಯೂ ಬೇಕು: ‘ಏನು ಕೆಲಸ ಮಾಡ್ತಿದ್ರಿ, ಎಷ್ಟು ವರ್ಷ?’ ಸಾಮಾನ್ಯವಾಗಿ ಹತ್ತಾರು ವರ್ಷ ಧೂಳು ಕುಡಿದ ಮೇಲೆ ರೋಗ ಕಾಣುವುದರಿಂದ, ಬಿಟ್ಟ ಕೆಲಸವನ್ನೂ ಹೇಳಬೇಕು.

ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಮುಖ್ಯವೆನಿಸಿದ್ದು ಇದರ ಲೆಕ್ಕ. ಕೋಲಾರದ ಚಿನ್ನದ ಗಣಿ ಕಾರ್ಮಿಕರ ಸಿಲಿಕೋಸಿಸ್ 1947ರಲ್ಲೇ ವರದಿಯಾಗಿತ್ತು. 1948ರ ಕಾರ್ಖಾನೆಗಳ ಕಾಯ್ದೆ ಇದನ್ನು ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು. ಕೆಲಸದಿಂದ ಬಂದ ರೋಗವೆಂದು ದಾಖಲಾದರೆ ಪರಿಹಾರ ಕೇಳಬಹುದು. ಚೀಟಿಯಲ್ಲಿ ಬರೀ ‘ದಮ್ಮು’ ಎಂದಿದ್ದರೆ ಯಾವ ಆಧಾರದ ಮೇಲೆ ಕೇಳುವುದು?

ನೀರು ಹಾಯಿಸಿ ಕಲ್ಲು ಕೊರೆದರೆ ಧೂಳು ತಗ್ಗುತ್ತದೆ. ಮೂಗಿಗೆ ಕಟ್ಟಿದ ಕರವಸ್ತ್ರ ಸಣ್ಣ ಧೂಳನ್ನು ತಡೆಯುವುದಿಲ್ಲ. ನಿಮ್ಮ ಮನೆಯಲ್ಲಿ ಕಲ್ಲಿನ ಕೆಲಸ ಮಾಡಿದವರಿದ್ದರೆ ಹಳೆಯ ಎಕ್ಸ್-ರೇ ಎಸೆಯಬೇಡಿ. ಹೊಸದರ ಜೊತೆ ಹೋಲಿಸಲು ಬೇಕಾಗುತ್ತದೆ. ಡಾಕ್ಟರು ಕೇಳದಿದ್ದರೂ ಮಾಡಿದ ಕೆಲಸವನ್ನು ನೀವೇ ಹೇಳಿ, ಚೀಟಿಯಲ್ಲಿ ಬರೆಸಿ.