ಮನೆಯಿಂದಲೇ ಆ್ಯಪ್ ಪರೀಕ್ಷೆ: ಶುರು ಮಾಡುವುದು ಹೇಗೆ?

ಪ್ರಶ್ನೆ: ಬಿ.ಕಾಂ. ಮುಗಿಸಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸ್ ಮಾಡಿದ್ದೇನೆ. ಅನುಭವವಿಲ್ಲ. ಆ್ಯಪ್ ಪರೀಕ್ಷೆಯ ಕೆಲಸ ಕೊಡುವ ಯುಟೆಸ್ಟ್‌ನಂಥ ತಾಣಗಳಲ್ಲಿ ದುಡಿಯಬಹುದೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಧೈರ್ಯವಾಗಿ ಶುರು ಮಾಡಿ. ಆದರೆ ಇದನ್ನು ತಿಂಗಳ ಸಂಬಳವೆಂದು ನಂಬಿ ಕೂರಬೇಡಿ. ಇಲ್ಲಿ ಕೆಲಸಕ್ಕೆ ಆಹ್ವಾನ ಬರಬೇಕು. ಸಾಮಾನ್ಯವಾಗಿ ಒಪ್ಪಿತವಾದ ದೋಷ ಅಥವಾ ಮುಗಿಸಿದ ಟೆಸ್ಟ್ ಕೇಸ್‌ಗೆ ಮಾತ್ರ ಹಣ.

ಖಾತೆ ತೆರೆದಾಗ ನಿಮ್ಮ ಫೋನ್, ಲ್ಯಾಪ್‌ಟಾಪ್, ಆಪರೇಟಿಂಗ್ ಸಿಸ್ಟಂ ಆವೃತ್ತಿ, ಬಲ್ಲ ಭಾಷೆಗಳನ್ನು ಪೂರ್ತಿಯಾಗಿ ನಮೂದಿಸಿ. ಆಯ್ಕೆ ನಡೆಯುವುದು ಬಹುಮಟ್ಟಿಗೆ ಇದರ ಮೇಲೆಯೇ. ಕನ್ನಡವನ್ನು ಮರೆಯದೆ ಬರೆಯಿರಿ: ಒತ್ತಕ್ಷರ ಒಡೆಯುವುದು, ಬಟನ್‌ನಲ್ಲಿ ಪದ ತುಂಡಾಗುವುದು, ತಪ್ಪು ಅನುವಾದ – ಇವು ಕನ್ನಡ ಓದುವವರಿಗಷ್ಟೇ ಕಾಣುವ ದೋಷಗಳು. ಯುಟೆಸ್ಟ್‌ನ ಉಚಿತ ಅಕಾಡೆಮಿ ಪಾಠಗಳನ್ನೂ ಮುಗಿಸಿ.

ನಿಮ್ಮ ಹೆಸರು ಉಳಿಯುವುದು ವರದಿಯ ಗುಣಮಟ್ಟದಿಂದ. ‘ಆ್ಯಪ್ ಕೆಲಸ ಮಾಡುತ್ತಿಲ್ಲ’ ಎಂದರೆ ಸಾಲದು. ಯಾವ ಫೋನ್, ಯಾವ ಆವೃತ್ತಿ, ಏನೇನು ಒತ್ತಿದಿರಿ, ಏನಾಗಬೇಕಿತ್ತು, ಏನಾಯಿತು ಎಂದು ಕ್ರಮವಾಗಿ ಬರೆದು ಸ್ಕ್ರೀನ್ ರೆಕಾರ್ಡಿಂಗ್ ಲಗತ್ತಿಸಿ. ಕೆಲಸದ ವ್ಯಾಪ್ತಿಯನ್ನೂ ಈಗಾಗಲೇ ದಾಖಲಾದ ದೋಷಗಳನ್ನೂ ಮೊದಲೇ ಓದಿ. ಬೇರೆಯವರು ಹೇಳಿದ್ದನ್ನೇ ಹೇಳಿದರೆ ವರದಿ ತಿರಸ್ಕಾರವಾಗುತ್ತದೆ.

ಪರೀಕ್ಷಿಸುವ ಆ್ಯಪ್‌ನ ಚಿತ್ರವನ್ನು ವಾಟ್ಸ್‌ಆ್ಯಪ್‌ಗೂ ಹಾಕಬೇಡಿ. ಗೋಪ್ಯತೆಯ ಒಪ್ಪಂದ ಮುರಿದಂತಾಗುತ್ತದೆ. ಇನ್ನು, ಈ ಕೆಲಸದಿಂದ ಬಂದ ಆದಾಯವನ್ನು ತೆರಿಗೆ ವಿವರಪಟ್ಟಿಯಲ್ಲಿ ತೋರಿಸಬೇಕು.

ಜೊತೆಜೊತೆಗೆ ಕಾಯಂ ಕೆಲಸಕ್ಕೂ ಅರ್ಜಿ ಹಾಕುತ್ತಿರಿ. ನೋಂದಣಿಗೆ ಹಣ ಕೇಳುವವರಿಗೆ ಮಾತ್ರ ಒಂದು ರೂಪಾಯಿಯನ್ನೂ ಕೊಡಬೇಡಿ.